ಕಲಬುರಗಿ ಸೀಮೆಯಲ್ಲಿ ನೆರವಿನ ಯೋಜನೆ ಮಾಡುವವರಿಗೆ: ಸಂಕೀರ್ಣತಾ ವಿಜ್ಞಾನವನ್ನು ಬಳಸುವ ಬಗೆ

2015ರ ಕೊನೆಗೆ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಆಸುಪಾಸಿಗೆ ಹೋಗಿತ್ತು. ಮರುವರ್ಷ ಮಳೆ ಚೆನ್ನಾಗಿ ಬಿತ್ತು. ಕಲಬುರಗಿ, ಬೀದರ್, ಯಾದಗಿರಿಯ ರೈತರು ಬೆಲೆ ನೆನೆಸಿಕೊಂಡು ತೊಗರಿಯನ್ನೇ ಬಿತ್ತಿದರು. ಅದೇ 2016ರಲ್ಲಿ ಭಾರತ ಸರ್ಕಾರ ಮೊಜಾಂಬಿಕ್ ಜೊತೆ ಐದು ವರ್ಷದ ತೊಗರಿ ಆಮದು ಒಪ್ಪಂದ ಮಾಡಿಕೊಂಡಿತು. ಅಲ್ಲಿನ ಸಣ್ಣ ರೈತರೂ ನಮ್ಮ ಬೆಲೆ ನಂಬಿ ಬಿತ್ತಿದರು. 2016-17ರಲ್ಲಿ ದೇಶದ ತೊಗರಿ ಬೆಳೆ ಹಿಂದಿನ ವರ್ಷಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಅಷ್ಟೂ ಸಿಗಲಿಲ್ಲ. ಖರೀದಿ ಕೇಂದ್ರಗಳ ಮುಂದೆ ಜನ ಚೀಲ ಇಟ್ಟುಕೊಂಡು ಸಾಲು ನಿಂತರು. 2017ರ ಆಗಸ್ಟ್‌ನಲ್ಲಿ ಸರ್ಕಾರ ತೊಗರಿ ಆಮದಿಗೆ ಮಿತಿ ಹಾಕಿತು. ಮೊಜಾಂಬಿಕ್‌ನಲ್ಲೂ ಬೆಲೆ ನೆಲ ಕಚ್ಚಿತು.

ಇಲ್ಲಿ ಯಾರೊಬ್ಬರದೂ ದಡ್ಡತನದ ತೀರ್ಮಾನ ಅಲ್ಲ. ಅಫಜಲಪುರದ ರೈತ ಬೆಲೆ ನೋಡಿ ಬಿತ್ತಿದ. ದಿಲ್ಲಿಯ ಅಧಿಕಾರಿ ಬೇಳೆ ಕೊರತೆ ನೋಡಿ ಒಪ್ಪಂದ ಮಾಡಿದ. ಆಫ್ರಿಕಾದ ರೈತ ಒಪ್ಪಂದ ನೋಡಿ ಬಿತ್ತಿದ. ಒಬ್ಬರು ಇಟ್ಟ ಹೆಜ್ಜೆಗೆ ಇನ್ನೊಬ್ಬರು ಹೆಜ್ಜೆ ಹಾಕುತ್ತಾ ಹೋದಾಗ, ಯಾರೂ ಬಯಸದ ಫಲ ಎಲ್ಲರ ಮನೆಗೂ ಬಂತು. ಇಂಥ ವ್ಯವಸ್ಥೆಗಳು ಹೇಗೆ ನಡೆಯುತ್ತವೆ ಎಂದು ನೋಡುವುದೇ ಸಂಕೀರ್ಣತಾ ವಿಜ್ಞಾನ. 1984ರಲ್ಲಿ ಅಮೆರಿಕದ ಸಾಂತಾ ಫೆಯಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಶುರುವಾಯಿತು. ಭೌತವಿಜ್ಞಾನಿಗಳು, ಜೀವವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು ಒಟ್ಟಿಗೆ ಕೂತರು. ಅವರ ಯೋಚನೆಗಳು ಅಂತರರಾಷ್ಟ್ರೀಯ ನೆರವಿನ ಕ್ಷೇತ್ರಕ್ಕೆ ಗಟ್ಟಿಯಾಗಿ ಬಂದಿದ್ದು 2000ದ ನಂತರ.

ಈ ಬರಹ ಯಾರಿಗೆ ಅಂದರೆ, ನಮ್ಮ ಮೂರು ಜಿಲ್ಲೆಗಳಲ್ಲಿ ಸ್ವಯಂಸೇವಾ ಸಂಸ್ಥೆ ನಡೆಸುವವರಿಗೆ, ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಸಿಎಸ್‌ಆರ್ ಹಣ ನೋಡಿಕೊಳ್ಳುವವರಿಗೆ, ಪಂಚಾಯಿತಿ ಸದಸ್ಯರಿಗೆ, ಸಮಾಜಕಾರ್ಯ ಓದುವ ಮಕ್ಕಳಿಗೆ. ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಎಂದು ನೋಡಲು ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅತಿ ಹಿಂದುಳಿದ ತಾಲ್ಲೂಕು 39. ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಹಾಗಾಗಿ ಇಲ್ಲಿಗೆ ಯೋಜನೆಗಳು ಬರುತ್ತಲೇ ಇವೆ. ವಿಶ್ವಬ್ಯಾಂಕ್ ಸಾಲದ ಸುಜಲಾ ಜಲಾನಯನ ಬಂತು, ನಗರದ 24 ಗಂಟೆ ನೀರು ಬಂತು, ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳಿಗೆಂದು ಮಾಡಿದ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಪಟ್ಟಿಗೆ 2018ರಲ್ಲಿ ಯಾದಗಿರಿ ಸೇರಿತು. ಹಣ ಸಾಲದು ಎನ್ನುವ ಮಾತು ನಿಜ. ಆದರೆ ಬಂದ ಹಣವನ್ನು ಹೇಗೆ ಬಳಸಬೇಕು ಎಂದು ಯೋಚಿಸುವ ರೀತಿಯಲ್ಲೇ ಒಂದು ತೊಡಕಿದೆ. ನಾನು ಹೇಳಬೇಕಾದದ್ದು ಒಂದೇ: ಯೋಜನೆಯನ್ನು ಬದಲಿಸುವ ಅಧಿಕಾರ, ಅದರ ಫಲವನ್ನು ಮೊದಲು ಕಾಣುವವರ ಕೈಗೆ ಹೋಗಬೇಕು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಈಗಿರುವ ಅಚ್ಚು ಎಲ್ಲಿಂದ ಬಂತು

ನೆರವಿನ ಹಣ ಕೇಳಿ ಪ್ರಪೋಸಲ್ ಬರೆದವರಿಗೆಲ್ಲ ಆ ನಾಲ್ಕು ಸಾಲಿನ ಕೋಷ್ಟಕ ಗೊತ್ತು. ಚಟುವಟಿಕೆ, ಉತ್ಪನ್ನ, ಪರಿಣಾಮ, ಅಂತಿಮ ಗುರಿ. ಪಕ್ಕದಲ್ಲಿ ಸೂಚಕಗಳು. ಇದು ಲಾಗ್‌ಫ್ರೇಮ್. 1969ರ ಸುಮಾರಿಗೆ ಅಮೆರಿಕದ ನೆರವಿನ ಸಂಸ್ಥೆ ಯುಎಸ್‌ಎಐಡಿಗೆಂದು ಮಾಡಿದ್ದು. ಆಮೇಲೆ ಲೋಕದ ಫಂಡರ್‌ಗಳೆಲ್ಲ, ಅಂದರೆ ಹಣ ಕೊಡುವ ಸಂಸ್ಥೆಗಳೆಲ್ಲ, ಇದನ್ನೇ ಹಿಡಿದರು. ಸೇತುವೆ ಕಟ್ಟಲು, ಶಾಲೆಗೆ ಕೋಣೆ ಕಟ್ಟಲು ಇದು ಒಳ್ಳೆಯ ಸಾಧನ. ಇಷ್ಟು ಸಿಮೆಂಟ್ ಹಾಕಿದರೆ ಇಷ್ಟು ಗೋಡೆ ಏಳುತ್ತದೆ. ಆದರೆ ಅಪೌಷ್ಟಿಕತೆ, ಗುಳೆ, ಬಾಲ್ಯವಿವಾಹ, ತೊಗರಿಯ ನೆಟೆ ರೋಗ, ಇವು ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ಇಷ್ಟು ತರಬೇತಿ ಕೊಟ್ಟರೆ ಇಷ್ಟು ಮಕ್ಕಳ ತೂಕ ಏರುತ್ತದೆ ಎಂದು ಯಾರೂ ಮುಂಚೆಯೇ ಹೇಳಲಾರರು. ಆದರೂ ಬರೆಯುತ್ತೇವೆ, ಅಲ್ವಾ? ಬರೆಯದಿದ್ದರೆ ಹಣ ಬರುವುದಿಲ್ಲ.

ತಪ್ಪು ಬಗೆಯ ಯೋಜನೆ ಎಷ್ಟು ಕೆಡಿಸಬಲ್ಲದು ಎಂದು ತಿಳಿಯಲು ಬಾಲಿಯ ಕಥೆ ನೋಡಿ. ಇಂಡೋನೇಷ್ಯಾದ ಈ ದ್ವೀಪದಲ್ಲಿ ಬೆಟ್ಟದ ಇಳಿಜಾರಿನ ಗದ್ದೆಗಳಿಗೆ ನೀರು ಹಂಚುವುದು ಜಲದೇವಾಲಯಗಳ ಸುತ್ತ ಸೇರುವ ರೈತರ ಕೂಟಗಳು. ಅದಕ್ಕೆ ಸುಬಾಕ್ ಎನ್ನುತ್ತಾರೆ. ಯಾವ ಕಣಿವೆ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಖಾಲಿ ಬಿಡಬೇಕು ಎಂದು ಅವೇ ತೀರ್ಮಾನಿಸುತ್ತಿದ್ದವು. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಎಷ್ಟು ಸಲ ಆಗುತ್ತೋ ಅಷ್ಟು ಸಲ ಭತ್ತ ಹಾಕಿ ಎಂದು ರೈತರಿಗೆ ಹೇಳಿದರು. ಎಲ್ಲರೂ ತಮಗೆ ತೋಚಿದಾಗ ನಾಟಿ ಮಾಡತೊಡಗಿದರು. ನೀರಿಗೆ ಜಗಳ ಶುರುವಾಯಿತು. ಕೀಟಗಳಿಗೆ ವರ್ಷಪೂರ್ತಿ ಮೇವು ಸಿಕ್ಕಿತು. ಔಷಧಿ ಹೊಡೆದಷ್ಟೂ ಕೀಟ ಹೆಚ್ಚಿತು.

ಮಾನವಶಾಸ್ತ್ರಜ್ಞ ಸ್ಟೀಫನ್ ಲಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಇದನ್ನು ಕಂಪ್ಯೂಟರ್‌ನಲ್ಲಿ ಮಾಡಿ ನೋಡಿದರು. ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ಕೊಯ್ಲಿನ ನಂತರ ಕೀಟಕ್ಕೆ ಊಟ ಇಲ್ಲ, ಆದರೆ ನೀರು ಸಾಲುವುದಿಲ್ಲ. ಬೇರೆ ಬೇರೆ ಹೊತ್ತಿಗೆ ಮಾಡಿದರೆ ನೀರು ಸಾಲುತ್ತದೆ, ಕೀಟ ಗದ್ದೆಯಿಂದ ಗದ್ದೆಗೆ ಹಾರುತ್ತದೆ. ಈ ಎರಡರ ನಡುವಿನ ಹದವನ್ನು ದೇವಾಲಯಗಳ ಜಾಲ ಶತಮಾನಗಳಿಂದ ಹಿಡಿದುಕೊಂಡು ಬಂದಿತ್ತು. ಯಾವ ಎಂಜಿನಿಯರ್ ಮೇಲೆ ಕೂತು ಲೆಕ್ಕ ಹಾಕಿದ್ದಲ್ಲ. ಅಕ್ಕಪಕ್ಕದ ರೈತರು ಒಬ್ಬರನ್ನೊಬ್ಬರು ನೋಡಿ ಹೊಂದಿಸಿಕೊಂಡಿದ್ದರಿಂದ ಬಂದ ಹದ. ತಜ್ಞರಿಗೆ ಅಲ್ಲಿ ಕಂಡಿದ್ದು ಪೂಜೆ ಮಾತ್ರ.

ಮೊದಲ ಹೆಜ್ಜೆ: ಸಮಸ್ಯೆ ಯಾವ ಜಾತಿಯದು ಎಂದು ವಿಂಗಡಿಸಿ

ಡೇವ್ ಸ್ನೋಡನ್ ಎಂಬವರು 1999ರ ಸುಮಾರಿಗೆ ಐಬಿಎಂನಲ್ಲಿದ್ದಾಗ ಒಂದು ವಿಂಗಡಣೆ ಮಾಡಿದರು. ಸರಳ, ಜಟಿಲ, ಸಂಕೀರ್ಣ, ಅಲ್ಲೋಲಕಲ್ಲೋಲ. ಅದನ್ನು ನಮ್ಮ ಊರಿಗೆ ಹಚ್ಚಿ ನೋಡೋಣ.

ಶಾಲೆಯಲ್ಲಿ ಮೊಟ್ಟೆ ಕೊಡುವುದು ಸರಳ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಯಾದಗಿರಿಯ ಮಕ್ಕಳನ್ನು ಗದಗದ ಮಕ್ಕಳ ಜೊತೆ ಹೋಲಿಸಿ ನೋಡಿದರು. ಮೊಟ್ಟೆ ತಿಂದ ಮಕ್ಕಳ ತೂಕ ಜಾಸ್ತಿ ಏರಿತ್ತು. ಕೊಡಿ, ತಿನ್ನಿಸಿ, ಲೆಕ್ಕ ಇಡಿ. ಇಲ್ಲಿ ಹೊಸ ಪ್ರಯೋಗದ ಅಗತ್ಯವೇ ಇಲ್ಲ. ಮಾಡಬೇಕಾದ್ದು ತಪ್ಪದೆ ಮಾಡುವುದು.

ಊರಿನ ನೀರಲ್ಲಿ ಏನಿದೆ ಎಂದು ಪತ್ತೆ ಮಾಡುವುದು ಜಟಿಲ. ತಜ್ಞರು ಬೇಕು, ಪ್ರಯೋಗಾಲಯ ಬೇಕು, ಆದರೆ ಉತ್ತರ ಸಿಗುತ್ತದೆ.

ಗುಳೆ ಹೋಗುವ ಮನೆಯ ಮಗು ಯಾಕೆ ಸೊರಗುತ್ತದೆ ಎನ್ನುವುದು ಸಂಕೀರ್ಣ. ಮಳೆ, ಸಾಲ, ಕೂಲಿಗೆ ಜನ ಕರೆದೊಯ್ಯುವ ಮುಕಾದಮನ ಮುಂಗಡ, ಅಜ್ಜಿಯ ಆರೋಗ್ಯ, ಅಂಗನವಾಡಿ ತೆರೆಯುವ ಹೊತ್ತು, ತಾಯಿಯ ವಯಸ್ಸು, ಎಲ್ಲವೂ ಒಂದಕ್ಕೊಂದು ತಗುಲಿಕೊಂಡಿವೆ. ಒಂದನ್ನು ಎಳೆದರೆ ಇನ್ನೊಂದು ಕದಲುತ್ತದೆ.

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿದ್ದು ನಾಲ್ಕನೆಯ ಜಾತಿ. ಆಗ ನಕ್ಷೆ ಬಿಡಿಸಬೇಡಿ, ಸಭೆ ಕರೆಯಬೇಡಿ. ದೋಣಿ, ಊಟ, ಕುಡಿಯುವ ನೀರು. ಮೊದಲು ಕೆಲಸ, ಆಮೇಲೆ ಯೋಚನೆ.

ಒಂದೇ ಯೋಜನೆಯೊಳಗೆ ಈ ನಾಲ್ಕೂ ಇರುತ್ತವೆ. ಇಡೀ ಪ್ರಾಜೆಕ್ಟಿಗೆ ಸಂಕೀರ್ಣ ಎಂಬ ಚೀಟಿ ಅಂಟಿಸಿ ಕೈ ತೊಳೆದುಕೊಳ್ಳಬೇಡಿ. ಸರಳ ಕೆಲಸ ಮಾಡದೆ ಇರುವುದಕ್ಕೆ ಈ ವಿಜ್ಞಾನ ನೆಪವಾಗಬಾರದು. ಲಸಿಕೆ ಹೊತ್ತಿಗೆ ಬರಲಿಲ್ಲ ಎಂದರೆ ಅದರಲ್ಲಿ ಆಳವಾದ ತತ್ವವೇನೂ ಇಲ್ಲ. ಲಸಿಕೆ ತರಿಸಬೇಕು, ಅಷ್ಟೇ.

ಎರಡನೆಯ ಹೆಜ್ಜೆ: ಊರಿನವರ ಜೊತೆ ನೆಲದ ಮೇಲೆ ಸುತ್ತುಗಳನ್ನು ಬಿಡಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಸುತ್ತು ಎಂದರೆ, ಒಂದರಿಂದ ಇನ್ನೊಂದು ಹುಟ್ಟಿ ಕೊನೆಗೆ ಮೊದಲಿನದಕ್ಕೇ ತಿರುಗಿ ಬರುವ ಕಾರಣಗಳ ಸರಪಳಿ. ಅವಸರ ಮಾಡಬೇಡಿ.

ಬೇಕಾದ ಸಾಮಾನು ಕಡಿಮೆ. ಸಾರಿಸಿದ ಅಂಗಳ, ರಂಗೋಲಿ ಪುಡಿ, ಒಂದು ಬೊಗಸೆ ಜೋಳ, ನಾಲ್ಕು ತೊಗರಿ ಕಟ್ಟಿಗೆ. ಗೋಡೆಗೆ ಚಾರ್ಟ್ ಅಂಟಿಸಿದರೆ ಪೆನ್ನು ಹಿಡಿದವರು ಮಾತ್ರ ಮಾತಾಡುತ್ತಾರೆ. ನೆಲದ ಮೇಲೆ ಬಿಡಿಸಿದರೆ ಕೂತವರೆಲ್ಲ ಕೈ ಹಾಕುತ್ತಾರೆ, ಅಳಿಸುತ್ತಾರೆ, ಜಗಳ ಆಡುತ್ತಾರೆ. ಆ ಜಗಳವೇ ನಮಗೆ ಬೇಕಾದ ಮಾಹಿತಿ.

ಹೊತ್ತು ಸಂಜೆಯದಾಗಲಿ, ಕೂಲಿಯಿಂದ ಬಂದ ಮೇಲೆ. ಹೆಂಗಸರದು ಒಂದು ಗುಂಪು, ಗಂಡಸರದು ಒಂದು. ತಾಂಡಾದಲ್ಲಿ ಲಂಬಾಣಿ ಮಾತಿನಲ್ಲೇ ನಡೆಯಲಿ, ಬೀದರ್ ಕಡೆ ದಖನಿ ಆಡುವ ಓಣಿಯಲ್ಲಿ ದಖನಿಯಲ್ಲಿ. ಬೆಂಗಳೂರಿನ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಜನ ಬೆಂಗಳೂರಿಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ತೊಗರಿ ಹೊಲ ಒಣಗುತ್ತಿದೆ. ನೆಟೆ ರೋಗ. ಹೂವು ಕಾಯಿ ಆಗುವ ಹೊತ್ತಿಗೆ ಗಿಡ ನಿಂತಲ್ಲೇ ಬಾಡುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಅದು ವರ್ಷಗಟ್ಟಲೆ ಮಣ್ಣಲ್ಲೇ ಬದುಕುತ್ತದೆ. ನಡುವೆ ಒಂದು ತೊಗರಿ ಕಟ್ಟಿಗೆ ಇಡಿ, ಕೇಳಿ: “ಯಾಕ ಒಣಗ್ತದ್ರಿ?”

ಮೊದಲು ಬರುವ ಉತ್ತರ: ರೋಗ. ಮುಂದೆ ಕೇಳಿ: ಮೊದಲಿಗಿಂತ ಜಾಸ್ತಿ ಯಾಕೆ? ಪ್ರತಿ ವರ್ಷ ತೊಗರಿಯನ್ನೇ ಹಾಕುತ್ತೇವೆ. ಯಾಕೆ ಜೋಳ ಬಿಟ್ಟಿರಿ? ಜೋಳಕ್ಕೆ ಬೆಲೆ ಇಲ್ಲ, ಕೊಯ್ಯುವ ಆಳಿಲ್ಲ. ಆಳು ಎಲ್ಲಿ? ಬೆಂಗಳೂರಲ್ಲಿ, ಪುಣೆಯಲ್ಲಿ. ಯಾಕೆ ಹೋದರು? ಸಾಲ. ಸಾಲ ಯಾಕೆ? ಹೋದ ವರ್ಷ ತೊಗರಿ ಒಣಗಿತು. ಈಗ ಸುತ್ತು ಮುಚ್ಚಿತು. ರೋಗ ಸಾಲ ತಂತು, ಸಾಲ ಗುಳೆ ತಂತು, ಗುಳೆಯಿಂದ ಜೋಳ ಹೋಯಿತು, ಜೋಳ ಹೋಗಿದ್ದರಿಂದ ತೊಗರಿ ಮೇಲೆ ತೊಗರಿ ಬಿತ್ತನೆ, ಅದರಿಂದ ಮತ್ತೆ ರೋಗ. ಜೋಳದೊಂದಿಗೆ ಬೆಳೆ ಬದಲಿಸಿದರೆ ನೆಟೆ ಕಡಿಮೆಯಾಗುತ್ತದೆ ಎಂದು ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ. ರೈತನಿಗೂ ಗೊತ್ತು. ಗೊತ್ತಿದ್ದೂ ಮಾಡಲಾಗದ ಕಾರಣ ಈ ಸುತ್ತಿನಲ್ಲಿದೆ. ಬೆಳೆ ಪರಿವರ್ತನೆ ಬಗ್ಗೆ ಇನ್ನೊಂದು ತರಬೇತಿ ಇಡುವವರು ಆ ರಂಗೋಲಿಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಸುತ್ತು ಬಿಡಿಸಿದ ಮೇಲೆ ಎಲ್ಲರ ಕೈಗೂ ಐದೈದು ಕಾಳು ಜೋಳ ಕೊಡಿ. ಯಾವ ಕೊಂಡಿ ಬಿಚ್ಚಿದರೆ ಹೆಚ್ಚು ಅನುಕೂಲ ಅನ್ನಿಸುತ್ತದೋ ಅಲ್ಲಿ ಇಡಲಿ. ಗಂಡಸರು ಬೆಲೆಯ ಮೇಲೆ ಇಟ್ಟು, ಹೆಂಗಸರು ಸಾಲದ ಮೇಲೆ ಇಟ್ಟರೆ ಅದನ್ನು ಹಾಗೇ ಬರೆದುಕೊಳ್ಳಿ. ಸರಾಸರಿ ತೆಗೆಯಬೇಡಿ. ಫೋಟೊ ತೆಗೆಯಿರಿ, ಒಂದು ಪ್ರತಿ ಊರಿನವರ ಬಳಿಯೇ ಇರಲಿ. “ಸರ್ರ, ನೀವು ಬರ್ಕೊಂಡ್ ಹೋಗ್ತೀರಿ, ಆಮ್ಯಾಲ ಯಾರೂ ಬರಂಗಿಲ್ಲ” ಎನ್ನುವ ಮಾತು ನಮ್ಮ ಕಡೆ ಸುಮ್ನೆ ಹುಟ್ಟಿದ್ದಲ್ಲ.

ಮೂರನೆಯ ಹೆಜ್ಜೆ: ಆಗಲೇ ಇರುವುದನ್ನು ಹುಡುಕಿ

ಹೊಸದನ್ನು ತರುವ ಮುಂಚೆ ಎರಡನ್ನು ನೋಡಿ.

ಒಂದು, ಈಗಾಗಲೇ ನಡೆಯುತ್ತಿರುವ ಏರ್ಪಾಡುಗಳು. ನೇಪಾಳದಲ್ಲಿ ಎಲಿನಾರ್ ಆಸ್ಟ್ರಮ್ ಮತ್ತು ಸಂಗಡಿಗರು ನೂರಾರು ನೀರಾವರಿ ಕಾಲುವೆಗಳನ್ನು ಹೋಲಿಸಿದರು. ರೈತರೇ ಕಲ್ಲು ಮಣ್ಣಿನಿಂದ ಕಟ್ಟಿ ನಡೆಸುವ ಕಾಲುವೆಗಳು, ಸರ್ಕಾರ ನಡೆಸುವ ಕಾಲುವೆಗಳಿಗಿಂತ ಕೊನೆಯ ಹೊಲಕ್ಕೂ ಚೆನ್ನಾಗಿ ನೀರು ಮುಟ್ಟಿಸುತ್ತಿದ್ದವು. ಯಾಕೆಂದರೆ ಕಾಲುವೆ ಪ್ರತಿ ವರ್ಷ ರಿಪೇರಿ ಕೇಳುತ್ತಿತ್ತು. ರಿಪೇರಿಗೆ ಕೊನೆಯ ಹೊಲದವನ ಕೈಯೂ ಬೇಕಿತ್ತು. ಹಾಗಾಗಿ ಅವನಿಗೆ ನೀರು ಕೊಡಲೇಬೇಕಿತ್ತು. ಪಕ್ಕಾ ಕಾಂಕ್ರೀಟ್ ಬಂದರೆ ಆ ನಂಟು ಸಡಿಲವಾಗುತ್ತದೆ. ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬೀದರ್‌ನ ನೌಬಾದಿನಲ್ಲಿ ಬಹಮನಿಗಳ ಕಾಲದ ಸುರಂಗ ಬಾವಿ ಇದೆಯಲ್ಲ, ನೆಲದಡಿಯ ನೀರನ್ನು ಮೈಲಿಗಟ್ಟಲೆ ಇಳಿಜಾರಿನಲ್ಲೇ ಹರಿಸಿದ್ದು. ಅಂಥದ್ದನ್ನು ನೋಡುವಾಗ ಕಲ್ಲಿನ ಕೆಲಸದ ಜೊತೆಗೆ, ಹೂಳು ತೆಗೆಯುವ ಪಾಳಿ ಯಾರದಿತ್ತು ಎಂದೂ ಕೇಳಬೇಕು.

ಎರಡು, ಅದೇ ಕಷ್ಟದಲ್ಲಿದ್ದೂ ಚೆನ್ನಾಗಿರುವವರು. 1990ರ ಕೊನೆಗೆ ಜೆರಿ ಮತ್ತು ಮೋನಿಕ್ ಸ್ಟರ್ನಿನ್ ದಂಪತಿ ಸೇವ್ ದ ಚಿಲ್ಡ್ರನ್ ಪರವಾಗಿ ವಿಯೆಟ್ನಾಂಗೆ ಹೋದರು. ಅಪೌಷ್ಟಿಕತೆ ವಿಪರೀತ. ಫಲ ತೋರಿಸಲು ಅಲ್ಲಿನ ಸರ್ಕಾರ ಕೊಟ್ಟ ಗಡುವು ಆರು ತಿಂಗಳು. ಅವರು ಊರಿನ ಹೆಂಗಸರಿಂದಲೇ ಮಕ್ಕಳನ್ನು ತೂಗಿಸಿದರು. ಕಡುಬಡವರ ಮನೆಯಲ್ಲೂ ತೂಕ ಸರಿ ಇರುವ ಮಕ್ಕಳಿದ್ದರು. ಅವರ ತಾಯಂದಿರು ಗದ್ದೆಯಲ್ಲಿ ಸಿಗುವ ಸಣ್ಣ ಸಿಗಡಿ, ಏಡಿ, ಗೆಣಸಿನ ಸೊಪ್ಪನ್ನು ಮಗುವಿನ ಅನ್ನಕ್ಕೆ ಹಾಕುತ್ತಿದ್ದರು. ಬೇರೆಯವರು ಅದು ಮಕ್ಕಳಿಗೆ ಆಗದು ಎಂದುಕೊಂಡಿದ್ದರು. ಜೊತೆಗೆ, ದಿನಕ್ಕೆ ಎರಡು ಸಲ ಉಣಿಸುವ ಬದಲು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಉಣಿಸುತ್ತಿದ್ದರು.

ನಮ್ಮಲ್ಲಿ ಇದನ್ನು ಮಾಡುವುದು ಹೀಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅಂದರೆ ಉಳಿದವರು ಬೆಳೆದಿದ್ದರು. ಅವರ ಮನೆ ಹುಡುಕಿ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಮತ್ತು ನಾಲ್ಕು ತಾಯಂದಿರು ಸೇರಿ ಪಟ್ಟಿ ಮಾಡಲಿ. ಹೊಲ ಜಾಸ್ತಿ ಇರುವವರನ್ನು, ಮನೆಯಲ್ಲಿ ನೌಕರಿ ಇರುವವರನ್ನು ಬಿಟ್ಟುಬಿಡಿ. ಅವರ ಮಗು ಚೆನ್ನಾಗಿದ್ದರೆ ಅದು ಕಲಿಯಲು ಬರುವ ವಿಷಯವಲ್ಲ. ಉಳಿದ ಮನೆಗೆ ಅಡುಗೆಯ ಹೊತ್ತಿಗೆ ಹೋಗಿ. ಪ್ರಶ್ನೆ ಕಡಿಮೆ ಕೇಳಿ, ನೋಡಿ ಜಾಸ್ತಿ. ರೊಟ್ಟಿಯನ್ನು ಮಗುವಿಗೆ ಹೇಗೆ ಕೊಡುತ್ತಾರೆ, ಬೇಳೆ ಕಟ್ಟು ಯಾರ ಬಟ್ಟಲಿಗೆ ಹೋಗುತ್ತದೆ, ತಾಯಿ ಕೂಲಿಗೆ ಹೋದಾಗ ಯಾರು ಉಣಿಸುತ್ತಾರೆ. ಏನು ಸಿಗುತ್ತದೆ ಎಂದು ಮುಂಚೆಯೇ ಊಹಿಸಬೇಡಿ. ಸಿಕ್ಕಿದ್ದನ್ನು ಪೋಸ್ಟರ್ ಮಾಡಬೇಡಿ. ಆ ತಾಯಿಯೇ ಪಕ್ಕದ ಮನೆಯವರ ಜೊತೆ ಒಲೆ ಮುಂದೆ ಕೂತು ಮಾಡಿ ತೋರಿಸಲಿ.

ನಾಲ್ಕನೆಯ ಹೆಜ್ಜೆ: ಒಂದು ದೊಡ್ಡ ಯೋಜನೆ ಬೇಡ, ಕೆಲವು ಸಣ್ಣ ಪ್ರಯತ್ನ ಒಟ್ಟಿಗೆ

ಸಂಕೀರ್ಣ ಸಮಸ್ಯೆಯಲ್ಲಿ ಯಾವುದು ಫಲ ಕೊಡುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಹಾಗಾಗಿ ಒಂದಕ್ಕೊಂದು ಬೇರೆಯಾದ ನಾಲ್ಕೈದು ಪ್ರಯತ್ನಗಳನ್ನು ಒಟ್ಟಿಗೆ ಶುರು ಮಾಡಿ. ಸುರಪುರ ತಾಲ್ಲೂಕಿನ ಕೆಲವು ತಾಂಡಾಗಳಲ್ಲಿ ಗುಳೆ ಮನೆಯ ಮಕ್ಕಳ ಆರೋಗ್ಯಕ್ಕೆ ಕೆಲಸ ಮಾಡುತ್ತಿದ್ದೀರಿ ಎಂದುಕೊಳ್ಳಿ. ಒಂದು ಕಡೆ ಅಂಗನವಾಡಿ ಊಟದ ಹೊತ್ತನ್ನು ಕೂಲಿಗೆ ಹೋಗುವ ಮುಂಚೆಗೆ ತನ್ನಿ. ಇನ್ನೊಂದು ಕಡೆ ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯರ ಗುಂಪು ಕಟ್ಟಿ, ಅವರ ಊಟ ಔಷಧಿಯನ್ನೂ ಸೇರಿಸಿ. ಮೂರನೆಯ ಕಡೆ, ಹೊರಡುವ ಮುಂಚೆಯೇ ಅಂಗನವಾಡಿಯ ದಾಖಲೆ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಹೋಗುವ ಊರಿಗೆ ವರ್ಗ ಮಾಡಿಸಿ, ಪಡಿತರ ಚೀಟಿ ಅಲ್ಲೂ ನಡೆಯುತ್ತದೆ ಎಂದು ತಿಳಿಸಿ, ಬೆಂಗಳೂರಿನ ಕಟ್ಟಡದ ಹತ್ತಿರದ ಅಂಗನವಾಡಿಗೆ ಒಬ್ಬರನ್ನು ಗೊತ್ತು ಮಾಡಿ. ನಾಲ್ಕನೆಯ ಕಡೆ ಮುಂಗಡ ಸಾಲದ ಬದಲಿಗೆ ಸಂಘದಿಂದ ಸಣ್ಣ ಸಾಲ. ಪ್ರತಿಯೊಂದರ ಹಿಂದೆ ಒಂದು ಬೇರೆ ಊಹೆ ಇರಬೇಕು. ಒಂದೇ ಊಹೆಯ ನಾಲ್ಕು ರೂಪ ಮಾಡಿದರೆ ಕಲಿಯುವುದೇನೂ ಇಲ್ಲ.

ಇದಕ್ಕೆ ಕೆಲವು ಕಟ್ಟುಪಾಡು ಬೇಕೇ ಬೇಕು. ಪ್ರಯತ್ನ ಸೋತರೆ ನಷ್ಟ ನಿಮ್ಮದಾಗಬೇಕು, ಆ ಮನೆಯದಲ್ಲ. ಹೊಸ ಬೀಜ ಹಾಕಿಸುವುದಾದರೆ ಹೊಲದ ಒಂದು ಮೂಲೆಯಲ್ಲಿ ಮಾತ್ರ, ಬೆಳೆ ಹೋದರೆ ಪರಿಹಾರ ಮೊದಲೇ ಬರೆದಿಟ್ಟಿರಲಿ. ಯಾವ ಲಕ್ಷಣ ಕಂಡರೆ ನಿಲ್ಲಿಸುತ್ತೀರಿ ಎಂದು ಶುರು ಮಾಡುವ ದಿನವೇ ಊರಿನವರ ಎದುರು ಹೇಳಿ. ಆಮೇಲೆ ನಿಲ್ಲಿಸುವುದು ಕಷ್ಟ. ಸಿಬ್ಬಂದಿಯ ಸಂಬಳ, ಸಂಸ್ಥೆಯ ಹೆಸರು ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತದೆ.

ಐದನೆಯ ಹೆಜ್ಜೆ: ಬೇಡದ ಫಲವನ್ನು ಬೇಕೆಂದೇ ಹುಡುಕಿ

ಬಾಂಗ್ಲಾದೇಶದಲ್ಲಿ 1970ರ ದಶಕದಿಂದ ಯುನಿಸೆಫ್ ಮತ್ತು ಸರ್ಕಾರ ಸೇರಿ ಲಕ್ಷಾಂತರ ಕೈಪಂಪು ಹಾಕಿಸಿದರು. ಕೆರೆ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಆ ನೆಲದಡಿಯ ನೀರಲ್ಲಿ ಆರ್ಸೆನಿಕ್ ಇತ್ತು. ಅದು ಗೊತ್ತಾಗಿದ್ದು 1993ರಲ್ಲಿ. ಚರ್ಮದ ಮೇಲಿನ ಕಲೆ ಕಾಣಲು ವರ್ಷಗಳು ಬೇಕು, ಕ್ಯಾನ್ಸರ್‌ಗೆ ಇನ್ನೂ ಹೆಚ್ಚು. ಎಷ್ಟು ಪಂಪು ಹಾಕಿದೆವು ಎನ್ನುವ ಸೂಚಕ ಅಷ್ಟೂ ವರ್ಷ ಹಸಿರಾಗಿಯೇ ಇತ್ತು. ಕೊನೆಗೆ ಒಂದೊಂದೇ ಬಾವಿ ಪರೀಕ್ಷೆ ಮಾಡಿ ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು.

ಇದು ದೂರದ ಕಥೆ ಎಂದುಕೊಳ್ಳಬೇಡಿ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ, ಅದೇ ಸೀಮೆಯ ಮಂಗಳೂರು ಎಂಬ ಊರಿನ ಹಳೆಯ ಚಿನ್ನದ ಗಣಿಯ ಹತ್ತಿರ (ಕರಾವಳಿಯ ಮಂಗಳೂರಲ್ಲ), ಬೋರ್ ನೀರಲ್ಲಿ ಆರ್ಸೆನಿಕ್ ಸಿಕ್ಕಿದೆ. ಅಲ್ಲಿನ ಜನರ ಕೈಕಾಲು, ಮೈಮೇಲೆ ಅದರ ಗುರುತುಗಳನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಬರಿಗಣ್ಣಿಗೆ ಆ ನೀರು ತಿಳಿಯಾಗಿಯೇ ಇರುತ್ತದೆ.

ಆದ್ದರಿಂದ ತಿಂಗಳ ಸಭೆಯಲ್ಲಿ ಒಂದು ಪ್ರಶ್ನೆ ಕಡ್ಡಾಯ ಮಾಡಿ: ನಮ್ಮಿಂದ ಯಾರಿಗೆ ಏನು ಕೆಟ್ಟದ್ದಾಗಿದೆ? ಇದನ್ನು ಮ್ಯಾನೇಜರ್ ಕೇಳಬಾರದು. ಯೋಜನೆಯ ಸಂಬಳ ಪಡೆಯದ ಯಾರಾದರೂ ಕೇಳಲಿ. ಉತ್ತರ ಕೊಟ್ಟ ಕಾರ್ಯಕರ್ತರಿಗೆ ತೊಂದರೆ ಆಗಬಾರದು. ಕೆಟ್ಟ ಸುದ್ದಿ ತಂದವರ ಮೇಲೆ ಒಮ್ಮೆ ಸಿಟ್ಟಾದರೆ ಸಾಕು, ಮುಂದೆ ಒಳ್ಳೆಯ ಸುದ್ದಿ ಮಾತ್ರ ಬರುತ್ತದೆ.

ಅಂಕಿಯ ಬಗ್ಗೆಯೂ ಎಚ್ಚರ ಇರಲಿ. ಯಾವ ಅಂಕಿಯ ಮೇಲೆ ಜಿಲ್ಲೆಗೆ ರ‍್ಯಾಂಕ್ ಕೊಡುತ್ತಾರೋ, ನೌಕರರಿಗೆ ನೋಟಿಸ್ ಕೊಡುತ್ತಾರೋ, ಆ ಅಂಕಿ ನಿಧಾನಕ್ಕೆ ಸತ್ಯ ಹೇಳುವುದನ್ನು ನಿಲ್ಲಿಸುತ್ತದೆ. ಮಗುವಿನ ತೂಕ ಕಲಿಯಲು ಒಂದು ಕಡೆ ಬರೆಯಿರಿ, ಶಿಕ್ಷೆಗೆ ಅದನ್ನು ಬಳಸಬೇಡಿ. ಅಂಕಿಯ ಜೊತೆ ಕಥೆಯೂ ಬೇಕು. ರಿಕ್ ಡೇವಿಸ್ 1990ರ ದಶಕದಲ್ಲಿ ಬಾಂಗ್ಲಾದೇಶದಲ್ಲಿ ಬಳಸಿದ ಸುಲಭ ವಿಧಾನವಿದೆ. ಈ ತಿಂಗಳು ನಿಮ್ಮ ಕಣ್ಣಿಗೆ ಕಂಡ ಅತಿ ದೊಡ್ಡ ಬದಲಾವಣೆ ಯಾವುದು, ಅದು ಯಾಕೆ ದೊಡ್ಡದು ಎಂದು ಜನರನ್ನು ಕೇಳುವುದು. ಬಂದ ಕಥೆಗಳಲ್ಲಿ ಒಂದನ್ನು ಸಭೆಯೇ ಆರಿಸುವುದು, ಆರಿಸಿದ ಕಾರಣವನ್ನು ಬರೆಯುವುದು. ಆ ಕಾರಣಗಳನ್ನು ಸಾಲಾಗಿ ಓದಿದರೆ, ಕೋಷ್ಟಕದಲ್ಲಿ ಜಾಗವಿಲ್ಲದ ವಿಷಯಗಳು ಕಾಣುತ್ತವೆ.

ಆರನೆಯ ಹೆಜ್ಜೆ: ಗೆದ್ದದ್ದನ್ನು ಹಿಗ್ಗಿಸುವಾಗ ನಕಲು ಮಾಡಬೇಡಿ

ವಿಶ್ವಬ್ಯಾಂಕ್ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ 24 ಗಂಟೆ ನೀರು ಬಂದಾಗ, ಆಗುವುದಿಲ್ಲ ಎಂದವರೆಲ್ಲ ನೋಡಿ ಬೆರಗಾದರು. ನಲ್ಲಿಯಲ್ಲಿ ಹೊತ್ತು ಹೊತ್ತಿಗೂ ನೀರು ಬರಬಹುದು ಎಂದು ಅದು ತೋರಿಸಿತು. ಇಡೀ ಊರಿಗೆ ಹಬ್ಬಿಸುವುದು ಮಾತ್ರ ಬೇರೆಯೇ ಕೆಲಸ. ಆಯ್ದ ವಾರ್ಡಿಗೆ ಹೊಸ ಪೈಪು, ಎಲ್ಲರ ಗಮನ, ಸುತ್ತಲಿನ ವಾರ್ಡುಗಳ ನೀರು, ಎಲ್ಲವೂ ಸಿಗುತ್ತದೆ. ಇಡೀ ಊರೇ ವಾರ್ಡಾದಾಗ ಸುತ್ತಲು ಯಾರೂ ಇರುವುದಿಲ್ಲ.

ಹಾಗಾಗಿ ಸಣ್ಣದು ಗೆದ್ದರೆ ಕೇಳಬೇಕಾದ್ದು: ಯಾವ ಕಾರಣಕ್ಕೆ ಗೆದ್ದಿತು, ಆ ಕಾರಣ ಮುಂದಿನ ಊರಿನಲ್ಲೂ ಇದೆಯೇ? ಚಿಂಚೋಳಿಯ ಕೆಂಪು ಮಣ್ಣಿನ ಕಡೆ ನಡೆದದ್ದು ಜೇವರ್ಗಿಯ ಎರೆ ಭೂಮಿಯಲ್ಲಿ ನಡೆಯದೆ ಹೋಗಬಹುದು. ಸುಜಲಾದ ಮೂರನೆಯ ಹಂತದಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಹೊಲಹೊಲದ ಮಣ್ಣಿನ ದಾಖಲೆ ಮಾಡಿದರಲ್ಲ, ಅಂಥ ಮಾಹಿತಿ ಈ ಪ್ರಶ್ನೆಗೆ ಬಹಳ ಉಪಯೋಗ. ಹೊಸ ಊರಿಗೆ ಹೋದಾಗ ಪರಿಹಾರವನ್ನು ಮೂಟೆ ಕಟ್ಟಿ ಒಯ್ಯಬೇಡಿ. ಹುಡುಕುವ ವಿಧಾನವನ್ನು ಒಯ್ಯಿರಿ. ಹಾರ್ವರ್ಡ್‌ನ ಮ್ಯಾಟ್ ಆಂಡ್ರ್ಯೂಸ್, ಲ್ಯಾಂಟ್ ಪ್ರಿಚೆಟ್, ಮೈಕೆಲ್ ವುಲ್ಕಾಕ್ 2012ರಿಂದ ಹೇಳುತ್ತಾ ಬಂದಿದ್ದೂ ಇದನ್ನೇ. ಬೇರೆ ದೇಶದ ಒಳ್ಳೆಯ ಪದ್ಧತಿಯ ಹೊರರೂಪ ಮಾತ್ರ ತಂದರೆ ಸಂಸ್ಥೆ ಇದ್ದಂತೆ ಕಾಣುತ್ತದೆ, ಕೆಲಸ ಆಗುವುದಿಲ್ಲ. ಸ್ಥಳೀಯ ಸಮಸ್ಯೆಯಿಂದ ಶುರು ಮಾಡಿ, ಮಾಡುತ್ತಾ ತಿದ್ದಿಕೊಳ್ಳಬೇಕು ಎಂಬುದು ಅವರ ವಾದ.

ಏಳನೆಯ ಹೆಜ್ಜೆ: ಫಂಡರ್ ಜೊತೆಗಿನ ಕಾಗದ

ಇದೆಲ್ಲ ಚೆಂದ, ಆದರೆ ಒಪ್ಪಂದದಲ್ಲಿ ಇಷ್ಟು ತರಬೇತಿ, ಇಷ್ಟು ಫಲಾನುಭವಿ ಎಂದು ಬರೆದಾಗಿದ್ದರೆ? ಆಗ ಮೇಲಿನ ಯಾವ ಹೆಜ್ಜೆಯೂ ನಡೆಯುವುದಿಲ್ಲ. ಹೋರಾಟ ಮಾಡಬೇಕಾದ್ದು ಪ್ರಪೋಸಲ್ ಹಂತದಲ್ಲೇ.

ಮೊದಲ ಕೆಲವು ತಿಂಗಳನ್ನು ಊರು ತಿಳಿಯಲು ಮೀಸಲಿಡಿ, ಅದಕ್ಕೆ ಬಜೆಟ್ ಸಾಲು ಬರೆಯಿರಿ. ಅಂತಿಮ ಗುರಿಯನ್ನು ಗಟ್ಟಿಯಾಗಿ ಹೇಳಿ, ದಾರಿಯನ್ನು ಬಿಚ್ಚಿಡಿ. “ತಾಂಡಾದ ಮಕ್ಕಳ ಬೆಳವಣಿಗೆ” ಎನ್ನುವುದು ಗುರಿ. ಅದಕ್ಕೆ ಯಾವ ನಾಲ್ಕು ಪ್ರಯತ್ನ, ಯಾವಾಗ ಪರಿಶೀಲನೆ, ಯಾರು ತೀರ್ಮಾನ ಮಾಡುತ್ತಾರೆ ಎನ್ನುವುದು ದಾರಿ. ಬಜೆಟ್‌ನಲ್ಲಿ ಒಂದು ಪಾಲನ್ನು ಮೂರು ತಿಂಗಳಿಗೊಮ್ಮೆ ತಿರುಗಿಸಿ ಹಂಚಬಹುದು ಎಂದು ಬರೆಸಿಕೊಳ್ಳಿ. ಸೋತ ಪ್ರಯತ್ನದಿಂದ ಕಲಿತದ್ದನ್ನೂ ಫಲ ಎಂದು ಎಣಿಸುವ ಸಾಲು ಒಪ್ಪಂದದಲ್ಲಿ ಇರಲಿ. ಬಾಯಿಮಾತಿನ ಭರವಸೆ ಸಾಲದು. ಫಂಡರ್ ಕಡೆಯ ಅಧಿಕಾರಿ ಬದಲಾಗುತ್ತಾರೆ.

ವಿದೇಶಿ ಹಣವಾದರೆ ಕಾನೂನು ನೋಡಿಕೊಳ್ಳಿ. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ ಆಡಳಿತ ವೆಚ್ಚದ ಮಿತಿ 50ರಿಂದ 20 ಶೇಕಡಾಕ್ಕೆ ಇಳಿಯಿತು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆ ಹಣ ತಂದು ಆಳಂದ, ಹುಮನಾಬಾದಿನ ಸಣ್ಣ ಸಂಘಕ್ಕೆ ಹಂಚುವ ದಾರಿ ಇದರಿಂದ ಮುಚ್ಚಿತು. ನನ್ನ ಪ್ರಕಾರ ಇದು ನಮ್ಮಂಥ ಜಿಲ್ಲೆಗಳಿಗೆ ನಿಜವಾದ ಪೆಟ್ಟು. ಊರಿಗೆ ಹತ್ತಿರದವರೇ ಹಣದಿಂದ ದೂರವಾದರು. ಆದ್ದರಿಂದ ಸ್ಥಳೀಯ ಪಾಲು, ಪಂಚಾಯಿತಿ ಅನುದಾನ, ಸಿಎಸ್‌ಆರ್ ಹಣವನ್ನು ಮೊದಲಿಂದಲೇ ಬೆರೆಸಿಕೊಳ್ಳಿ.

ಒಬ್ಬರೇ ಫಂಡರನ್ನು ನಂಬುವುದೂ ಅಪಾಯ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ದಿಢೀರನೆ ತಡೆಹಿಡಿಯಿತು. ಅದೇ ವರ್ಷ ಜುಲೈ 1ಕ್ಕೆ ಯುಎಸ್‌ಎಐಡಿ ತನ್ನ ಕೆಲಸ ನಿಲ್ಲಿಸಿತು. ಲೋಕದ ಎಷ್ಟೋ ಕ್ಲಿನಿಕ್‌ಗಳಿಗೆ ಬಾಗಿಲು ಹಾಕಲು ಒಂದು ವಾರದ ಹೊತ್ತೂ ಸಿಗಲಿಲ್ಲ. ನಾಳೆ ನಿಮ್ಮ ಹಣ ನಿಂತರೆ ಊರಿನಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಮೊದಲ ವರ್ಷವೇ ಬರೆದಿಡಿ.

ಶುರು ಎಲ್ಲಿಂದ

ಇಡೀ ಸಂಸ್ಥೆಯನ್ನು ಒಟ್ಟಿಗೆ ಬದಲಿಸಲು ಹೋಗಬೇಡಿ. ಈಗ ನಡೆಯುತ್ತಿರುವ ಒಂದೇ ಯೋಜನೆ ಆರಿಸಿ. ಒಂದೇ ಊರು. ಅಲ್ಲಿನ ಫೀಲ್ಡ್ ಕಾರ್ಯಕರ್ತೆಗೆ ಸಣ್ಣ ಮೊತ್ತ ಕೊಟ್ಟು, ಯಾರನ್ನೂ ಕೇಳದೆ ಯೋಜನೆಯಲ್ಲಿ ಒಂದು ಬದಲಾವಣೆ ಮಾಡುವ ಅನುಮತಿಯನ್ನು ಬರಹದಲ್ಲಿ ಕೊಡಿ. ಷರತ್ತು ಎರಡೇ: ಏನು ಬದಲಿಸಿದೆ, ಏನು ಕಂಡೆ ಎಂದು ಅವರು ತಿಂಗಳ ಕೊನೆಗೆ ಹೇಳಬೇಕು, ಮತ್ತು ಆ ಸಭೆ ಕಲಬುರಗಿಯ ಕಚೇರಿಯಲ್ಲಲ್ಲ, ಆ ಊರಿನಲ್ಲೇ ನಡೆಯಬೇಕು. ಸೋಯಾ, ಉದ್ದು, ತೊಗರಿ ರಾಶಿಯ ದಿನಗಳನ್ನು ಬಿಟ್ಟು ತಾರೀಖು ಹಾಕಿ. ಪಿಡಿಒ, ಅಂಗನವಾಡಿ ಮೇಲ್ವಿಚಾರಕಿ, ಸಂಘದ ಇಬ್ಬರು ಹೆಂಗಸರು, ಗುಳೆಯಿಂದ ಬಂದ ಒಬ್ಬ ಯುವಕ, ಇವರನ್ನು ಖಂಡಿತ ಕರೆಯಿರಿ. ಫಂಡರ್ ಕಡೆಯವರು ಬಂದರೆ ಅವರೂ ನೆಲದ ಮೇಲೆ ಕೂತು ಕೇಳಲಿ, ಮಾತು ಕೊನೆಯಲ್ಲಿ ಆಡಲಿ.